ಹಗೇವಿನ ಬಾಯಿಕಲ್ಲು

ವಿಭೂತಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ಬೂದಿಯನ್ನು ಹಚ್ಚಿ, ನಾವು ಮಣ್ಣಿನಿಂದ ಬಂದವರೆಂಬುದನ್ನು ನೆನಪಿಸುತ್ತಾರೆ. ಅಂದಿನಿಂದ ಪ್ರಾರ್ಥನೆ, ಉಪವಾಸ, ದಾನಧರ್ಮಗಳೆಂಬ ಮೂರು ಮೆಟ್ಟಿಲುಗಳನ್ನು ಏರುತ್ತಾ ನಾವು ಪಾಸ್ಖ ಹಬ್ಬದತ್ತ ಸಾಗುತ್ತೇವೆ. ಈ ಮೂರರಲ್ಲಿ ಉಪವಾಸವು ನಮ್ಮ ಜನರಿಗೆ ಅಪರಿಚಿತವಾದುದಲ್ಲ. ನೆರೆಮನೆಯವರು ಶಿವರಾತ್ರಿಯಂದು ಉಪವಾಸವಿದ್ದು ಜಾಗರಣೆ ಮಾಡುತ್ತಾರೆ. ಮುಸ್ಲಿಂ ಬಾಂಧವರು ರಂಜಾನ್ ತಿಂಗಳಲ್ಲಿ ಹಗಲೆಲ್ಲ ನೀರನ್ನೂ ಮುಟ್ಟುವುದಿಲ್ಲ. ಅವರ ಮುಂದೆ ನಮ್ಮ ಧರ್ಮಸಭೆಯ ಇಂದಿನ ನಿಯಮ ಹಗುರವೆಂದೇ ಹೇಳಬೇಕು. ಹದಿನೆಂಟು ತುಂಬಿದವರಿಂದ ಅರುವತ್ತಕ್ಕೆ ಕಾಲಿಡದವರವರೆಗೆ, ವರ್ಷದಲ್ಲಿ ಎರಡೇ ದಿನ, ವಿಭೂತಿ ಬುಧವಾರ ಹಾಗೂ ಶುಭ ಶುಕ್ರವಾರಗಳಂದು ಮಾತ್ರ ಕಡ್ಡಾಯ ಉಪವಾಸ.

ಆದರೆ ಉಪವಾಸವೆಂಬುದು ನಾವು ಆರಿಸಿಕೊಂಡ ಹಸಿವು. ಸಂಜೆಗೆ ಅನ್ನ ಸಿದ್ಧವಿದೆ ಎಂಬ ಭರವಸೆ ಅದರ ಹಿಂದಿದೆ. ಆರಿಸಿಕೊಳ್ಳದ ಹಸಿವೊಂದು ಬೇರೆಯೇ ಇದೆ. ಅದಕ್ಕೆ ಸಂಜೆಯೂ ಇಲ್ಲ, ಪಾಸ್ಖ ಹಬ್ಬವೂ ಇಲ್ಲ. ನಮ್ಮ ಉಪವಾಸಕ್ಕೂ ಆ ಹಸಿವಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ನಮ್ಮದೇ ನೆಲದ ಚರಿತ್ರೆಯ ಮುಂದೆ ಇಟ್ಟು ನೋಡುವುದು ಈ ತಪಸ್ಸುಕಾಲದಲ್ಲಿ ಉಚಿತವೆನಿಸುತ್ತದೆ.

ಬಾಗಳಿಯ ನೆಲ

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಬಹು ಹಳೆಯ ಊರು. ಅಲ್ಲಿಯ ಕಲ್ಲೇಶ್ವರ ದೇವಾಲಯ ರಾಷ್ಟ್ರಕೂಟರ ಕಾಲದಲ್ಲಿ, ಅಂದರೆ 10ನೆಯ ಶತಮಾನದ ನಡುವಿನಲ್ಲಿ ಮೊದಲಾಗಿ, ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಬೆಳೆದದ್ದು. ದುಗ್ಗಿಮಯ್ಯನೆಂಬವನು ಇಲ್ಲಿ ಕಲಿದೇವರನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಎರಡನೆಯ ತೈಲಪನ ಕಾಲದ, 987ನೆಯ ಇಸವಿಯ ಹಳಗನ್ನಡ ಶಾಸನವೊಂದು ಹೇಳುತ್ತದೆ. ಸಭಾಮಂಟಪದ ಐವತ್ತು ಕಂಬಗಳ ಕೆತ್ತನೆಯನ್ನು ನೋಡಿದವರು ಬೆರಗಾಗದೆ ಇರಲಾರರು. ಶಿಲ್ಪಿಗಳನ್ನೂ ಕೂಲಿಯಾಳುಗಳನ್ನೂ ವರ್ಷಗಟ್ಟಲೆ ಉಣಿಸಿ ಇಂಥ ಕೆಲಸ ಮಾಡಿಸಬೇಕಾದರೆ ಊರಿನಲ್ಲಿ ದವಸ ಸಮೃದ್ಧವಾಗಿದ್ದಿರಬೇಕು. ಮಳೆ ಬಂದಾಗ ಈ ನೆಲ ಉದಾರಿ. ಜೋಳ, ರಾಗಿ, ಸಜ್ಜೆ, ನವಣೆಗಳನ್ನು ಕೈತುಂಬ ಕೊಡುತ್ತದೆ. ಮಳೆ ಬಾರದಾಗ ಅದೇ ನೆಲ ಬಾಯಿಬಿಟ್ಟುಕೊಂಡು ನಿಲ್ಲುತ್ತದೆ.

ಮಳೆಯ ಈ ಎರಡು ಮುಖಗಳನ್ನು ಕಂಡೇ ನಮ್ಮ ಹಿರಿಯರು ಹಗೇವನ್ನು ಕಟ್ಟಿಕೊಂಡರು. ಇಂದಿನ ಮಕ್ಕಳಿಗೆ ಈ ಪದ ತಿಳಿಯದೆ ಇರಬಹುದು. ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಕಣಜವೇ ಹಗೇವು. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಹುಲ್ಲನ್ನು ಒತ್ತಾಗಿ ಹಾಸಿ, ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿಕಲ್ಲನ್ನು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ದವಸ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದನ್ನು ತೆರೆಯುವುದಕ್ಕೂ ಒಂದು ಕ್ರಮವಿತ್ತು. ಬಾಯಿಕಲ್ಲನ್ನು ಸರಿಸಿದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಉಸಿರು ಕಟ್ಟಿಸುವ ಗಾಳಿ ತುಂಬಿರುತ್ತದೆ. ಅದು ಹೊರಹೋಗುವವರೆಗೆ ಕಾದು, ಆಮೇಲೆ ಮನುಷ್ಯ ಇಳಿಯಬೇಕು. ಕಾಳು ಜೀವ ಉಳಿಸುವಂಥದು. ಆದರೆ ಅದನ್ನು ಮುಚ್ಚಿಟ್ಟ ಕತ್ತಲಲ್ಲಿ ಸಾವೂ ಕುಳಿತಿರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಧಾತು-ಈಶ್ವರದ ಬರ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು; 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಇಂದು ಅದು ಇದೆ. ನಾವು ನೆನೆಯಹೊರಟಿರುವ ಕಾಲದಲ್ಲಿ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆ ಜಿಲ್ಲೆಗೆ ಬರಗಾಲ ಹೊಸತಲ್ಲ. 1791-92ರ ಬರದಲ್ಲಿ ಸತ್ತವರನ್ನು ಹೂಳುವವರೂ ಇಲ್ಲದೆ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವೆಂದು ಜನ ಅದನ್ನು ‘ಡೋಗಿ ಬರ’ ಎಂದು ಕರೆದರು. ಆದರೆ 1876ರಿಂದ 1878ರವರೆಗಿನ ಬರ ಅದಕ್ಕೂ ಮಿಗಿಲಾಗಿ ದಕ್ಷಿಣ ಭಾರತವನ್ನೆಲ್ಲ ಆವರಿಸಿತು. ಅದು ಧಾತು ಮತ್ತು ಈಶ್ವರ ಸಂವತ್ಸರಗಳ ಕಾಲ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮರುವರ್ಷದ ಮುಂಗಾರೂ ತಡವಾಯಿತು. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು. ಮೂಟೆಗಳು ನಿಲ್ದಾಣದಲ್ಲಿ ಇಳಿದರೂ ಅಲ್ಲಿಂದ ಪಶ್ಚಿಮದ ತಾಲ್ಲೂಕುಗಳಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಎತ್ತುಗಳಾದರೋ ಮೇವು ನೀರಿಲ್ಲದೆ ಸಾಯುತ್ತಿದ್ದವು.

ಆ ಬರದಲ್ಲಿ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಮಡಿದವರ ಸಂಖ್ಯೆ 55 ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಸೀಮೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು. ಐದು ಜನರ ಮನೆಯಲ್ಲಿ ಒಬ್ಬರ ತಟ್ಟೆ ಖಾಲಿಯಾಯಿತೆಂದು ಭಾವಿಸಿಕೊಂಡರೆ ಈ ಲೆಕ್ಕದ ಭಾರ ತಿಳಿದೀತು.

ನಾಡಿನಲ್ಲಿ ಕಾಳೇ ಇರಲಿಲ್ಲವೆಂದು ಹೇಳಿದರೆ ಅದು ಅರ್ಧಸತ್ಯ. ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಲ್ಲಲಿಲ್ಲ. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಅಂದಿನ ಆಳರಸರ ನಂಬಿಕೆ. 1877ರ ಜನವರಿ 1ರಂದು, ದಕ್ಷಿಣದ ಹಳ್ಳಿಗಳಲ್ಲಿ ಒಲೆಗಳು ಆರಿಹೋಗಿದ್ದಾಗ, ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದನು. ಊರುಗಳಲ್ಲಿಯೂ ಅದೇ ಪರೀಕ್ಷೆ ಬೇರೆ ರೂಪದಲ್ಲಿ ಎದುರಾಯಿತು. ತುಂಬಿದ ಹಗೇವು ಇದ್ದವನ ಮುಂದೆ ಎರಡು ದಾರಿಗಳಿದ್ದವು: ಕಲ್ಲನ್ನು ಸರಿಸಿ ನೆರೆಯವರಿಗೆ ಅಳೆದುಕೊಡುವುದು, ಇಲ್ಲವೇ ಧಾರಣೆ ಇನ್ನೂ ಏರಲೆಂದು ಮಣ್ಣು ಮೆತ್ತಿಕೊಂಡು ಕಾಯುವುದು. ಯಾವ ಬರದಲ್ಲಿಯೂ ಈ ಎರಡೂ ಬಗೆಯ ಮನುಷ್ಯರು ಇರುತ್ತಾರೆ.

1877ರ ತಪಸ್ಸುಕಾಲ

ಆ ವರ್ಷ ವಿಭೂತಿ ಬುಧವಾರ ಫೆಬ್ರವರಿ 14ರಂದು ಬಂದಿತ್ತು. ಪಾಸ್ಖ ಹಬ್ಬ ಏಪ್ರಿಲ್ 1ರಂದು. ಆ ನಲವತ್ತು ದಿನಗಳಲ್ಲಿ ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊರುತ್ತಿದ್ದವರ ಮುಂದೆ ಒಂದು ವಿಚಿತ್ರವಾದ ವಾದ ನಡೆದಿತ್ತು. ವೈಸರಾಯ್ ಕಳುಹಿಸಿದ್ದ ಸರ್ ರಿಚರ್ಡ್ ಟೆಂಪಲ್, ಖರ್ಚು ತಗ್ಗಿಸುವ ಸಲುವಾಗಿ, ಒಬ್ಬ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ ಸಾಕೆಂದು ಜನವರಿಯಲ್ಲಿ ನಿಗದಿಮಾಡಿದನು. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಇನ್ನೂ ಕಡಿಮೆ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಇದನ್ನು ಒಪ್ಪಲಿಲ್ಲ. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಜೊತೆಗೆ ಬೇಳೆ ತರಕಾರಿ ಬೇಕು. ಇಲ್ಲವಾದರೆ ಪರಿಹಾರದ ಕೂಲಿಯೇ ಜನರನ್ನು ಕೊಲ್ಲುತ್ತದೆ ಎಂಬುದು ಅವನ ವಾದ. ಸೆರೆಮನೆಯ ಕೈದಿಗೂ ಇದಕ್ಕಿಂತ ಹೆಚ್ಚು ಆಹಾರ ದೊರೆಯುತ್ತಿತ್ತು. ಮಾರ್ಚ್ ತಿಂಗಳಲ್ಲಿ ಮದರಾಸು ಸರ್ಕಾರ ಸ್ವಲ್ಪ ಮಣಿದು, ಧಾನ್ಯವನ್ನು ಸುಮಾರು 570 ಗ್ರಾಂಗೆ ಏರಿಸಿ, ಒಂದಿಷ್ಟು ಬೇಳೆಯನ್ನೂ ಸೇರಿಸಿತು.

ಅರ್ಧ ಪೌಂಡು ಧಾನ್ಯ ಎಷ್ಟಾದೀತು? ಎರಡು ಹಿಡಿ, ಮೂರು ಹಿಡಿ. ಆ ಎರಡು ಮೂರು ಹಿಡಿಗಳಲ್ಲಿ ಬದುಕು ಮತ್ತು ಸಾವಿನ ಅಂತರವಿತ್ತು. ನಾವು ವಿಭೂತಿ ಬುಧವಾರದಂದು ಬಿಟ್ಟುಬಿಡುವ ಒಂದು ಹೊತ್ತಿನ ಊಟವೂ ಸರಿಸುಮಾರು ಅಷ್ಟೇ. ಬಿಟ್ಟ ಆ ಹಿಡಿ ನಮ್ಮ ಡಬ್ಬಿಯಲ್ಲೇ ಉಳಿದರೆ ಅದು ಮಿತವ್ಯಯ. ಇಲ್ಲದವನ ಮಡಕೆಗೆ ಹೋದರೆ ಮಾತ್ರ ಉಪವಾಸ.

ಇದು ಹೊಸ ಬೋಧನೆಯಲ್ಲ. ಪ್ರವಾದಿ ಯೆಶಾಯನು ತನ್ನ ಗ್ರಂಥದ 58ನೆಯ ಅಧ್ಯಾಯದಲ್ಲಿ, ತಲೆಬಾಗಿಸಿ ಬೂದಿಯಲ್ಲಿ ಕುಳಿತುಕೊಳ್ಳುವ ಉಪವಾಸವನ್ನು ದೇವರು ಬಯಸುವುದಿಲ್ಲವೆಂದೂ, ನೊಗವನ್ನು ಮುರಿದು ಹಸಿದವರೊಡನೆ ಆಹಾರ ಹಂಚಿಕೊಳ್ಳುವುದೇ ದೇವರಿಗೆ ಮೆಚ್ಚಿಕೆಯಾದ ಉಪವಾಸವೆಂದೂ ಸಾರಿದ್ದಾನೆ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1830ರ ದಶಕದ ಆರಂಭದ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಧಾತು ಸಂವತ್ಸರದ ಬರ ಬಂದಾಗ ಯೆಶಾಯನ ಈ ಮಾತು ಬಳ್ಳಾರಿ ಸೀಮೆಯ ಜನರ ಭಾಷೆಯಲ್ಲೇ ಇದ್ದು ನಾಲ್ಕು ದಶಕಗಳಾಗಿದ್ದವು. ಓದಲು ಮಾತು ಸಿದ್ಧವಿತ್ತು. ಆ ಮಾತಿನಂತೆ ನಡೆಯುವುದು ಪ್ರತಿಯೊಂದು ತಲೆಮಾರಿಗೂ ಹೊಸ ಪರೀಕ್ಷೆ.

ಬೆಲೆ ಕೇಳದ ರೊಟ್ಟಿ

ಕೊಡುವುದರಲ್ಲಿಯೂ ಒಂದು ಶೋಧನೆ ಅಡಗಿದೆ. ಮರುಭೂಮಿಯಲ್ಲಿ ನಲವತ್ತು ದಿನ ಹಸಿದಿದ್ದ ಯೇಸುವಿಗೆ ಸೈತಾನನು ಒಡ್ಡಿದ ಮೊದಲ ಶೋಧನೆ ಕಲ್ಲನ್ನು ರೊಟ್ಟಿ ಮಾಡುವುದು. ಪ್ರಭು ಅದನ್ನು ನಿರಾಕರಿಸಿದರು. ಅದೇ ಪ್ರಭು ಮುಂದೆ ಹಸಿದ ಜನಸಮೂಹವನ್ನು ಕಂಡು ಮರುಗಿ ರೊಟ್ಟಿಗಳನ್ನು ಹಂಚಿದರು; ಆದರೆ ಜನರು ತಮ್ಮನ್ನು ಹಿಡಿದು ಅರಸನನ್ನಾಗಿ ಮಾಡಬೇಕೆಂದಿದ್ದಾಗ ಒಬ್ಬರೇ ಬೆಟ್ಟಕ್ಕೆ ಹೊರಟುಹೋದರು. ರೊಟ್ಟಿ ಕರುಣೆಯಿಂದ ಬರಬೇಕು. ಅದು ಜನರನ್ನು ಕಟ್ಟಿಹಾಕುವ ಹಗ್ಗವಾಗಬಾರದು.

ಬರಗಾಲದ ದಿನಗಳಲ್ಲಿ ಕ್ರೈಸ್ತರು ಅನ್ನ ಕೊಟ್ಟು ಜನರನ್ನು ಸೆಳೆದರೆಂಬ ಆಪಾದನೆಯನ್ನು ನಾವು ಇಂದಿಗೂ ಕೇಳುತ್ತೇವೆ. ಅದಕ್ಕೆ ಕೋಪದಿಂದ ಉತ್ತರಿಸುವ ಬದಲು, ಆ ದಿನಗಳಲ್ಲೇ ಒಬ್ಬರು ನಡೆದುಕೊಂಡ ರೀತಿಯನ್ನು ನೆನೆಯಬಹುದು. ನೆರೆಯ ತೆಲುಗು ನಾಡಿನ ಒಂಗೋಲಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಎಂಬವರಿದ್ದರು. ಇದೇ ಬರದಲ್ಲಿ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ತೋಡುವ ಗುತ್ತಿಗೆಯನ್ನು ಹಿಡಿದು, ಸಾವಿರಾರು ಬಡವರಿಗೆ ಕೂಲಿ ದೊರೆಯುವಂತೆ ಮಾಡಿದರು. ಅನೇಕರು ಜ್ಞಾನಸ್ನಾನ ಕೇಳಿಕೊಂಡು ಬಂದರು. ಪರಿಹಾರದ ಹಣ ಕೈಯಲ್ಲಿರುವಾಗ ಜ್ಞಾನಸ್ನಾನ ಕೊಡಲಾಗದೆಂದು ಅವರು ಸುಮಾರು ಹದಿನೈದು ತಿಂಗಳು ಒಬ್ಬರಿಗೂ ಕೊಡಲಿಲ್ಲ. ಕಾಮಗಾರಿ ಮುಗಿದು, ಕೊಡಲು ಏನೂ ಉಳಿಯದಿದ್ದಾಗಲೂ ಜನ ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ 2,222 ಮಂದಿ ಜ್ಞಾನಸ್ನಾನ ಪಡೆದರು. ಸಂಖ್ಯೆಗಿಂತಲೂ ಅದರ ಹಿಂದಿನ ಹದಿನೈದು ತಿಂಗಳ ಸಂಯಮ ನಮಗೆ ಪಾಠ. ಅದೂ ಒಂದು ಬಗೆಯ ಉಪವಾಸವೇ: ಕೊಡುವವನು ತನ್ನ ಲಾಭದ ಆಸೆಯನ್ನು ಬಿಟ್ಟಿರುವ ಉಪವಾಸ.

ಸೆಸರೇಯದ ಕಣಜಗಳು

ಇಂಥದೇ ಘಟನೆಯೊಂದು ಧರ್ಮಸಭೆಯ ಆದಿಕಾಲದಲ್ಲಿಯೂ ನಡೆದಿದೆ. ಇಂದಿನ ಟರ್ಕಿ ದೇಶದಲ್ಲಿರುವ ಕಪ್ಪದೋಕ್ಯ ಸೀಮೆಯ ಸೆಸರೇಯ ಪಟ್ಟಣ ಸಮುದ್ರದಿಂದ ದೂರ, ಬಯಲ ನಡುವೆ ಇದೆ. ಸುಮಾರು 369ರಲ್ಲಿ ಅಲ್ಲಿ ಮಳೆ ಬಾರದೆ ಬರ ಬಿತ್ತು. ಹಡಗಿನಿಂದ ಧಾನ್ಯ ತರಿಸುವ ಅನುಕೂಲ ಆ ಊರಿಗಿರಲಿಲ್ಲ. ಸಂಗ್ರಹವಿದ್ದ ಸಿರಿವಂತರು ಕಣಜಗಳ ಬಾಗಿಲು ಮುಚ್ಚಿಕೊಂಡರು. ಆಗ ಅಲ್ಲಿ ಗುರುವಾಗಿದ್ದ, ಮರುವರ್ಷ ಧರ್ಮಾಧ್ಯಕ್ಷರಾದ ಸಂತ ಬೆಸಿಲರು ಲೂಕನ ಶುಭಸಂದೇಶದ ಬುದ್ಧಿಹೀನ ಧನಿಕನ ಸಾಮತಿಯನ್ನು ಎತ್ತಿಕೊಂಡು ಬೋಧಿಸಿದರು. ಕಣಜಗಳನ್ನು ಕೆಡವಿ ಇನ್ನೂ ದೊಡ್ಡ ಕಣಜಗಳನ್ನು ಕಟ್ಟುತ್ತೇನೆಂದು ಲೆಕ್ಕ ಹಾಕುತ್ತಿದ್ದ ಆ ರಾತ್ರಿಯೇ ಧನಿಕನ ಪ್ರಾಣ ಹೋಯಿತಲ್ಲವೇ? ಬಡವರ ಹೊಟ್ಟೆಗಿಂತ ಭದ್ರವಾದ ಕಣಜ ಯಾವುದಿದೆ ಎಂಬುದು ಅವರ ಬೋಧನೆಯ ತಿರುಳು. ಕಣಜಗಳು ತೆರೆದವು. ಬೆಸಿಲರು ತಾವೇ ನಿಂತು ಹಸಿದವರಿಗೆ ಊಟ ಬಡಿಸಿದರೆಂದು ಅವರ ಗೆಳೆಯರಾದ ನಜಿಯಾನ್ಸದ ಸಂತ ಗ್ರೆಗೊರಿ ಬರೆದಿಟ್ಟಿದ್ದಾರೆ.

ಬೆಸಿಲರಿಗಿಂತಲೂ ಇನ್ನೂರು ವರ್ಷಗಳಿಗೂ ಹಿಂದೆ, ಕ್ರೈಸ್ತರು ಹೇಗೆ ಬಾಳುತ್ತಾರೆಂದು ಚಕ್ರವರ್ತಿಗೆ ವಿವರಿಸಿ ಬರೆದ ಅರಿಸ್ತಿದೆಸನು, ತಮ್ಮಲ್ಲಿ ಒಬ್ಬ ಬಡವನಿಗೆ ಆಹಾರವಿಲ್ಲದೆ, ಕೊಡಲು ತಮ್ಮ ಬಳಿಯೂ ಹೆಚ್ಚಿಗೆ ಇಲ್ಲದಿದ್ದರೆ, ಅವರು ಎರಡು ಮೂರು ದಿನ ಉಪವಾಸವಿದ್ದು ಅದನ್ನು ಅವನಿಗೆ ಕೊಡುತ್ತಾರೆಂದು ತಿಳಿಸಿದ್ದಾನೆ. ಉಪವಾಸ ಮತ್ತು ದಾನ ಎರಡು ಬೇರೆ ಬೇರೆ ಭಕ್ತಿಕಾರ್ಯಗಳೆಂದು ಅವರು ಎಣಿಸಲಿಲ್ಲ. ಒಂದೇ ಕ್ರಿಯೆಗೆ ಎರಡು ತುದಿಗಳು: ಈ ತುದಿಯಲ್ಲಿ ನನ್ನ ತಟ್ಟೆ, ಆ ತುದಿಯಲ್ಲಿ ನೆರೆಯವನ ತಟ್ಟೆ.

ಹಿಡಿ ಅಕ್ಕಿ

ಧಾತು-ಈಶ್ವರದ ಬರದ ಬಳಿಕ 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು. 1883ರಲ್ಲಿ ಕ್ಷಾಮ ನಿಯಮಾವಳಿ ಬಂದಿತು. ಹಸಿದವನನ್ನು ಉಳಿಸುವುದು ಆಳುವವರ ಹೊಣೆಯೆಂಬ ವಿಚಾರ ಮೆಲ್ಲಮೆಲ್ಲನೆ ಬೇರೂರಿತು. ಸ್ವತಂತ್ರ ಭಾರತದಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಜನರ ಹಕ್ಕಾಗಿಸಿತು. ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ, ಮೊದಲಿಗೆ ಹಿಂದುಳಿದ ಜಿಲ್ಲೆಗಳಲ್ಲಿ, ಮಧ್ಯಾಹ್ನದ ಬಿಸಿಯೂಟ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಎಷ್ಟು ಅರ್ಥಪೂರ್ಣ! ದಾಸೋಹವೆಂಬುದು ಹನ್ನೆರಡನೆಯ ಶತಮಾನದ ಶರಣರು ನಾಡಿಗೆ ಕೊಟ್ಟ ಪದ. ಬಡಿಸುವವನು ತಾನೇ ದಾಸನೆಂಬ ಭಾವ ಅದರಲ್ಲಿದೆ. ಕಡೆಯ ರಾತ್ರಿಯ ಭೋಜನದಲ್ಲಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದ ಪ್ರಭುವನ್ನು ಬಲ್ಲ ನಮಗೆ ಈ ಪದ ಹೊರಗಿನದೆನಿಸದು.

ಸರ್ಕಾರ ಮಾಡುತ್ತಿರುವಾಗ ನಮ್ಮದೇನು ಕೆಲಸ ಎಂದು ಕೇಳಬಹುದು. ಆದರೆ ಪಡಿತರ ಚೀಟಿಯಿಲ್ಲದ ವಲಸೆ ಕುಟುಂಬ, ಮಕ್ಕಳು ಪಟ್ಟಣ ಸೇರಿದ ಮೇಲೆ ಒಂಟಿಯಾಗಿ ಉಳಿದ ಮುದುಕಿ, ಕಾಯಿಲೆಯಿಂದ ಕೂಲಿ ತಪ್ಪಿದ ಮನೆ, ಇವರು ಯಾವ ಕಡತಕ್ಕೂ ಬೇಗನೆ ಕಾಣಿಸರು. ನೆರೆಯವರ ಕಣ್ಣಿಗೆ ಮಾತ್ರ ಕಾಣಿಸುತ್ತಾರೆ. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ ತಪಸ್ಸುಕಾಲದ ಕಾಣಿಕೆಯಿಂದ ಆರಂಭಿಸಿದ ಸೇವಾಸಂಸ್ಥೆಗೆ ‘ಮಿಸೆರಿಯೊರ್’ ಎಂದು ಹೆಸರು. ಹಸಿದ ಜನಸಮೂಹವನ್ನು ಕಂಡು ಪ್ರಭು ಮರುಗಿದ ಮಾತಿನ ಲತೀನ್ ರೂಪ ಅದು. ನಮ್ಮ ದೇಶದಲ್ಲಿ 1962ರಲ್ಲಿ ಸ್ಥಾಪನೆಯಾದ ಕಾರಿತಾಸ್ ಇಂಡಿಯಾ ಹಸಿವು ಮತ್ತು ರೋಗಗಳ ವಿರುದ್ಧ ನಡೆಸುವ ಆಂದೋಲನಕ್ಕೂ ತಪಸ್ಸುಕಾಲವೇ ಸುಗ್ಗಿ. ಇವೆಲ್ಲಕ್ಕಿಂತ ಸರಳವಾದ ದಾರಿಯನ್ನು ಮಿಜೋರಾಮಿನ ಕ್ರೈಸ್ತ ಸಹೋದರಿಯರು 1910ರಿಂದ ನಡೆದು ತೋರಿಸಿದ್ದಾರೆ. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರ ಹೆಸರಿನಲ್ಲಿ ಬೇರೆಯಿಡುವುದು, ಅಷ್ಟೇ. ಆ ಹಿಡಿಗಳಿಂದ ಒಂದು ದೊಡ್ಡ ಸಭೆಯ ಸೇವೆ ನಡೆದುಬಂದಿದೆ. ನಮ್ಮ ಮನೆಗಳಲ್ಲಿಯೂ ಈ ನಲವತ್ತು ದಿನ ಅಡುಗೆಮನೆಯ ಮೂಲೆಯಲ್ಲಿ ಒಂದು ಗಡಿಗೆಯನ್ನಿಟ್ಟು, ಮಕ್ಕಳ ಕೈಯಿಂದಲೇ ಹಿಡಿ ಅಕ್ಕಿಯನ್ನೋ ಜೋಳವನ್ನೋ ಹಾಕಿಸಬಾರದೇಕೆ? ಗಡಿಗೆ ತುಂಬಿದಾಗ ಯಾರ ಮನೆಗೆ ಹೋಗಬೇಕೆಂಬುದನ್ನು ಮಕ್ಕಳೇ ನಮಗಿಂತ ಬೇಗ ಹೇಳುತ್ತಾರೆ.

ಸರಿದ ಕಲ್ಲು

ಈಗ ಹಗೇವಿಗೆ ಮರಳೋಣ. ನೆಲದೊಳಗಿನ ಕತ್ತಲೆ, ಅದರ ಬಾಯಿಗೆ ಮುಚ್ಚಿದ ಕಲ್ಲು, ಒಳಗೆ ಕಾಯುತ್ತಿರುವ ಕಾಳು. ಶುಭ ಶುಕ್ರವಾರದ ಸಂಜೆ ಅರಿಮತಾಯದ ಜೋಸೆಫನು ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಪ್ರಭುವಿನ ದೇಹವನ್ನಿಟ್ಟು ಬಾಗಿಲಿಗೆ ಕಲ್ಲನ್ನು ಉರುಳಿಸಿದಾಗ, ಗೋಧಿಯ ಕಾಳು ನೆಲಕ್ಕೆ ಬಿದ್ದಿತ್ತು. ಸತ್ತರೆ ಮಾತ್ರ ಬಹಳ ಫಲ ಕೊಡುವ ಆ ಕಾಳಿನ ಮಾತನ್ನು ಯೇಸು ಮೊದಲೇ ಹೇಳಿದ್ದರು. ಮಹಾಯಾಜಕರು ಕಲ್ಲಿಗೆ ಮುದ್ರೆಯೊತ್ತಿ ಕಾವಲಿಟ್ಟರು. ಮುಚ್ಚಿಟ್ಟದ್ದು ಮುಚ್ಚಿಯೇ ಇರಬೇಕೆಂಬುದು ಈ ಲೋಕದ ಹಳೆಯ ಆಸೆ. ಮೂರನೆಯ ದಿನ ಬೆಳಗಾಗುವಾಗ ಮಾಗ್ದಲದ ಮರಿಯಳು ಕಂಡದ್ದು ಸರಿದ ಕಲ್ಲನ್ನು. ಸಾವಿನ ಗಾಳಿ ಹೊರಟುಹೋಗಿ, ಜೀವ ಹೊರಬಂದಿತ್ತು.

ಪುನರುತ್ಥಾನರಾದ ಪ್ರಭು ಆಮೇಲೆ ಏನು ಮಾಡಿದರೆಂಬುದನ್ನು ಶುಭಸಂದೇಶಗಳಲ್ಲಿ ಗಮನಿಸಿ ಓದಿರಿ. ಎಮ್ಮಾವುವಿನ ದಾರಿಯಲ್ಲಿ ಅವರನ್ನು ಗುರುತಿಸಲಾರದ ಇಬ್ಬರು, ಊಟಕ್ಕೆ ಕುಳಿತು ರೊಟ್ಟಿ ಮುರಿದಾಗ ಗುರುತಿಸಿದರು. ಬಾಗಿಲು ಮುಚ್ಚಿಕೊಂಡು ಅಂಜಿ ಕುಳಿತ ಶಿಷ್ಯರ ನಡುವೆ ನಿಂತು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ ಮೀನನ್ನು ತಿಂದರು. ತಿಬೇರಿಯ ಸರೋವರದ ದಡದಲ್ಲಿ, ರಾತ್ರಿಯೆಲ್ಲ ದುಡಿದು ಬರಿಗೈಯಲ್ಲಿ ಬಂದ ಬೆಸ್ತರಿಗಾಗಿ ಕೆಂಡದ ಮೇಲೆ ಮೀನನ್ನಿಟ್ಟು, ರೊಟ್ಟಿಯನ್ನು ಸಿದ್ಧಮಾಡಿ, ಬೆಳಗಿನ ಊಟಕ್ಕೆ ಕರೆದರು. ಮರಣವನ್ನು ಗೆದ್ದು ಬಂದವರು ಒಲೆ ಹೊತ್ತಿಸಿ ಹಸಿದವರಿಗೆ ಬಡಿಸಿದರು. ಇದಕ್ಕಿಂತ ದೊಡ್ಡ ಪಾಸ್ಖ ಬೋಧನೆ ಯಾವುದಿದೆ?

ಬಾಗಳಿಯ ಸುತ್ತಿನ ಈ ನೆಲದಲ್ಲಿ ಹಗೇವುಗಳು ಇಂದು ಬಹುಪಾಲು ಮುಚ್ಚಿಹೋಗಿವೆ. ಆದರೆ ಅವುಗಳ ಬಾಯಿಕಲ್ಲು ಬೇರೆ ಕಡೆ ಉಳಿದುಕೊಂಡಿದೆ: ನಮ್ಮ ಬೀಗದ ಪೆಟ್ಟಿಗೆಯ ಮೇಲೆ, ನಮ್ಮ ಬ್ಯಾಂಕಿನ ಪುಸ್ತಕದ ಮೇಲೆ, ನೆರೆಮನೆಯ ಒಲೆ ಹೊತ್ತಿದೆಯೇ ಎಂದು ಇಣುಕಿ ನೋಡದ ನಮ್ಮ ಕಣ್ಣಿನ ಮೇಲೆ. ಆ ಕಲ್ಲನ್ನು ಸರಿಸುವವರು ಯಾರೆಂದು ಸಮಾಧಿಯತ್ತ ನಡೆದ ಸ್ತ್ರೀಯರು ತಮ್ಮ ತಮ್ಮಲ್ಲಿ ಕೇಳಿಕೊಳ್ಳುತ್ತಾ ಹೋದರು. ಹೋಗಿ ನೋಡಿದಾಗ ದೇವರು ಅದನ್ನು ಸರಿಸಿಯಾಗಿತ್ತು. ನಾವೂ ಆ ಭರವಸೆಯಿಂದಲೇ ಕೈಚಾಚೋಣ. ಪಾಸ್ಖ ಜಾಗರಣೆಯ ರಾತ್ರಿ ಮೋಂಬತ್ತಿ ಹಿಡಿದು ಆಲಯದಿಂದ ಮನೆಗೆ ಮರಳುವಾಗ, ನಮ್ಮ ಬೀದಿಯಲ್ಲಿ ಒಂದು ಒಲೆಯಾದರೂ ನಮ್ಮ ಉಪವಾಸದಿಂದ ಹೊತ್ತಿರಲಿ.